ವೈದ್ಯರ ದೇಹಕ್ಕೂ ಹಕ್ಕಿದೆ

ಟೈಪ್ 1 ಮಧುಮೇಹವಿರುವ ರೋಗಿ ರಂಜಾನ್‌ನಲ್ಲಿ ರೋಜಾ ಹಿಡಿಯುತ್ತೇನೆಂದು ಹಟ ಮಾಡಿದರೆ ಮುಸ್ಲಿಂ ವೈದ್ಯೆಯೊಬ್ಬರು ಏನು ಹೇಳುತ್ತಾರೆ? ಸಕ್ಕರೆ ದಿಢೀರನೆ ಕುಸಿದರೆ ಜೀವಕ್ಕೇ ಅಪಾಯ, ಕಾಯಿಲೆಯವರಿಗೆ ಕುರ್‌ಆನ್ ವಿನಾಯಿತಿ ಕೊಟ್ಟಿದೆ, ರೋಜಾದ ಬದಲು ಬಡವರಿಗೆ ಊಟ ಹಾಕಿ ಎನ್ನುತ್ತಾರೆ. ಅದೇ ಕಾಯಿಲೆ ಅವರಿಗೇ ಇದ್ದರೆ, ರಾತ್ರಿ ಡ್ಯೂಟಿಯಲ್ಲಿ ಊಟ ಬಿಟ್ಟು, ಕೈ ನಡುಗುತ್ತಿದ್ದರೂ ಬಾಯಿಬಿಡದೆ ವಾರ್ಡಿನಿಂದ ವಾರ್ಡಿಗೆ ಓಡಾಡುತ್ತಾರೆ. ದೇವರಿಗಾಗಿ ಹಸಿದಿರಲು ಇಲ್ಲದ ಅನುಮತಿ, ಆಸ್ಪತ್ರೆಗಾಗಿ ಹಸಿದಿರಲು ಎಲ್ಲಿಂದ ಬಂತು?

ಜೀವ ಉಳಿಸುವ ಕೆಲಸಕ್ಕೆ ಇಸ್ಲಾಂ ಕೊಟ್ಟಿರುವ ಬೆಲೆ ದೊಡ್ಡದು, ನೋವು ಬಂದಾಗ ಸಬರ್ (ತಾಳ್ಮೆ) ಇರಬೇಕು ಎಂಬ ಉತ್ತರ ಬರುತ್ತದೆ. ಎರಡೂ ನಿಜ. ಆದರೆ ಇವೆರಡನ್ನು ಸೇರಿಸಿ, ಒಬ್ಬ ವೈದ್ಯ ತನ್ನನ್ನೇ ಸವೆಸಿಕೊಳ್ಳಬೇಕು ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ವೈದ್ಯವೃತ್ತಿಯನ್ನು ಫರ್ಜೆ ಕಿಫಾಯಾ ಎಂದು ವರ್ಗೀಕರಿಸಿದವರು ಧರ್ಮಶಾಸ್ತ್ರಜ್ಞ ಇಮಾಮ್ ಗಝಾಲಿ. ಅಂದರೆ ಅದು ಇಡೀ ಸಮುದಾಯದ ಹೊಣೆ: ಸಾಕಷ್ಟು ಜನ ಮಾಡಿದರೆ ಉಳಿದವರು ಮುಕ್ತರು, ಯಾರೂ ಮಾಡದಿದ್ದರೆ ಊರಿಗೆ ಊರೇ ತಪ್ಪಿತಸ್ಥ. ಹಾಗಿದ್ದಮೇಲೆ ವೈದ್ಯೆಯೊಬ್ಬರು ಕಾಯಿಲೆ ಬಿದ್ದು ಪಾಳಿ ಕಡಿಮೆ ಮಾಡಿಕೊಂಡರೆ, ತೆರವಾದ ಜಾಗ ತುಂಬಬೇಕಾದವರು ಯಾರು ಎಂಬ ಪ್ರಶ್ನೆ ಅವರದಲ್ಲ. ಆಸ್ಪತ್ರೆಯದು, ಸರ್ಕಾರದ್ದು, ನಮ್ಮೆಲ್ಲರದು.

ಒಬ್ಬರ ಹೊಣೆಯನ್ನು ಇನ್ನೊಬ್ಬರು ಹೊರುವ ಈ ಮಾತು ಗಝಾಲಿಯವರಿಗೆ ಬರಿಯ ಶಾಸ್ತ್ರವಾಗಿರಲಿಲ್ಲ. 1095ರಲ್ಲಿ, ಬಾಗ್ದಾದಿನ ನಿಝಾಮಿಯಾ ವಿದ್ಯಾಲಯದ ಪ್ರಖ್ಯಾತ ಗುರುವಾಗಿದ್ದಾಗ, ಅವರ ನಾಲಿಗೆಯೇ ಕಟ್ಟಿಹೋಯಿತು. ಪಾಠ ಹೇಳಲಾಗಲಿಲ್ಲ, ಅನ್ನ ಇಳಿಯಲಿಲ್ಲ. ಅವರು ಹುದ್ದೆ ಬಿಟ್ಟು ಹೊರಟರು, ಪಾಠವನ್ನು ಅವರ ತಮ್ಮ ಅಹ್ಮದ್ ಮುಂದುವರಿಸಿದರು. ವರ್ಷಗಳ ನಂತರ ನಿಶಾಪುರದಲ್ಲಿ ಅವರು ಮತ್ತೆ ಪಾಠಕ್ಕೆ ಕುಳಿತರು. ವೈದ್ಯಶಾಸ್ತ್ರದ ಮೇರುವಾದ ಇಬ್ನ್ ಸೀನಾರ ಕಥೆ ಇದಕ್ಕೆ ತದ್ವಿರುದ್ಧ. ಹೊಟ್ಟೆಶೂಲೆ ಹಿಡಿದಿದ್ದಾಗ, ದೊರೆಯ ಸೇನೆಯಿಂದ ಹಿಂದೆ ಬೀಳುವ ಭಯಕ್ಕೆ ಒಂದೇ ದಿನ ಎಂಟು ಬಾರಿ ಬಸ್ತಿ (ಎನಿಮಾ) ತೆಗೆದುಕೊಂಡು ಕರುಳಿಗೆ ಹುಣ್ಣು ಮಾಡಿಕೊಂಡರೆಂದು ಅವರ ಶಿಷ್ಯ ಜುಝ್‌ಜಾನಿ ಬರೆದಿದ್ದಾರೆ. 1037ರಲ್ಲಿ ಅವರು ತೀರಿಕೊಂಡರು. ರೋಗದ ಜ್ಞಾನ ಎಷ್ಟಿದ್ದರೂ ತನ್ನ ಮಿತಿಯನ್ನು ಒಪ್ಪದವರನ್ನು ಅದು ಕಾಯುವುದಿಲ್ಲ.

ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜ್ ಎಂದು ಬದುಕುತ್ತಿದ್ದ, ಪ್ರವಾದಿಯವರ ಸಂಗಡಿಗ ಅಬೂ ದರ್ದಾರಿಗೆ, ನಿನ್ನ ಮೇಲೆ ನಿನ್ನವರಿಗೂ ನಿನಗೂ ಹಕ್ಕಿದೆ ಎಂದು ಸ್ನೇಹಿತ ಸಲ್ಮಾನ್ ತಿಳಿಹೇಳಿದರು, ಪ್ರವಾದಿಯವರು ಅದನ್ನು ಒಪ್ಪಿದರು. ಮೂಲವ್ಯಾಧಿಯಿದ್ದ ಇಮ್ರಾನ್ ಇಬ್ನ್ ಹುಸೈನ್‌ರಿಗೆ, ನಿಲ್ಲಲಾಗದಿದ್ದರೆ ಕುಳಿತು, ಕೂರಲಾಗದಿದ್ದರೆ ಮಲಗಿ ನಮಾಜ್ ಮಾಡಲು ಪ್ರವಾದಿಯವರಿಂದ ಅನುಮತಿ ಸಿಕ್ಕಿತು. ನಮಾಜೇ ದೇಹಕ್ಕೆ ತಕ್ಕಂತೆ ಬಾಗುತ್ತದಾದರೆ ಡ್ಯೂಟಿ ಪಟ್ಟಿ ಬಾಗಲಾರದೇ?

ಈ ರಿಯಾಯಿತಿಗೆ ಒಂದು ಷರತ್ತಿದೆ, ಅದು ಪ್ರಾಮಾಣಿಕತೆ. ರೋಗಿಯ ಜೀವ ವೈದ್ಯರ ಕೈಯಲ್ಲಿರುವ ಅಮಾನತ್, ನಂಬಿ ಒಪ್ಪಿಸಿದ ಸ್ವತ್ತು. ಸಂಧಿವಾತದಿಂದ ಬೆರಳು ಮರಗಟ್ಟಿದ ದಿನ ಶಸ್ತ್ರಚಿಕಿತ್ಸೆಯ ಕತ್ತಿ ಹಿಡಿಯುವುದು ತ್ಯಾಗವಾಗದು, ರೋಗಿಗೆ ಬಗೆದ ದ್ರೋಹವಾಗುತ್ತದೆ. ಅಂಥವರು ಹೊರರೋಗಿ ವಿಭಾಗಕ್ಕೋ ಬೋಧನೆಗೋ ಸರಿದರೆ ಅದೂ ಇಬಾದತ್ತೇ (ಆರಾಧನೆಯೇ). ಸಬರ್ ಎಂದರೆ ಕಾಯಿಲೆಯನ್ನು ಬಚ್ಚಿಡುವುದೂ ಅಲ್ಲ. ಅದನ್ನು ಒಪ್ಪಿ, ಹೇಳಿ, ಚಿಕಿತ್ಸೆ ಪಡೆದು, ಆಗುವಷ್ಟನ್ನು ಬಿಡದೆ ಮಾಡುವುದೇ ಸಬರ್.

ನಮ್ಮ ದೇಶದಲ್ಲಿ ಇದಕ್ಕೆ ದಾರಿಗಳಿಲ್ಲದೆ ಇಲ್ಲ. ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 48 ಗಂಟೆ ಎಂದು ಕೇಂದ್ರದ ರೆಸಿಡೆನ್ಸಿ ಯೋಜನೆ 1992ರಲ್ಲೇ ಹೇಳಿತ್ತು. ಎಷ್ಟೋ ಕಡೆ ಅದು ಕಾಗದದಲ್ಲೇ ಉಳಿದಿದೆ. ವೈದ್ಯಕೀಯ ಪ್ರವೇಶದಲ್ಲಿ ಅಂಗವೈಕಲ್ಯದ ಶೇಕಡಾವಾರು ಲೆಕ್ಕವನ್ನಷ್ಟೇ ನೋಡದೆ, ಅಭ್ಯರ್ಥಿ ಏನು ಮಾಡಬಲ್ಲರು ಎಂದು ಅಳೆಯಬೇಕೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಆಸ್ಪತ್ರೆಗಳು ಆ ನಿಯಮವನ್ನೂ ಈ ದೃಷ್ಟಿಯನ್ನೂ ಪಾಲಿಸಲಿ. ಮಗಳು ಡಾಕ್ಟರಾದಳೆಂದು ಹೆಮ್ಮೆಪಡುವ ಮನೆಗಳೂ ಜಮಾತ್‌ಗಳೂ, ಅವಳು ದಣಿದೆನೆಂದಾಗ ಈಮಾನ್ (ವಿಶ್ವಾಸ) ಕಡಿಮೆಯಾಯಿತೆಂದು ಅನುಮಾನಿಸದಿರಲಿ. ಕಾಯಿಲೆಯೊಡನೆ ಕೆಲಸ ಮಾಡುತ್ತಿರುವ ವೈದ್ಯರೇ, ನಿಮ್ಮ ರೋಗಿಗೆ ಬರೆದುಕೊಡುವ ವಿಶ್ರಾಂತಿಯನ್ನು ನೀವೂ ಪಡೆಯಿರಿ. ಆ ವಿನಾಯಿತಿ ನಿಮ್ಮ ಧರ್ಮ ನಿಮಗೂ ಕೊಟ್ಟಿರುವುದು.