ಮನುಷ್ಯನ ಮೋಸವೂ ದೇವರ ವಾಕ್ಯದ ಸತ್ಯವೂ

ಮನುಷ್ಯನು ಮನುಷ್ಯನನ್ನು ನಂಬುವದಕ್ಕೆ ಯಾಕೆ ಅಂಜುತ್ತಾನೆ? ಹಿಂದೆ ನಂಬಿ ಕೆಟ್ಟಿರುವದರಿಂದಲೇ. ತಕ್ಕಡಿಯ ತಟ್ಟೆಯಡಿ ಮೇಣವನ್ನು ಅಂಟಿಸಿದ ವ್ಯಾಪಾರಿಯನ್ನೂ, ಓದು ಬಾರದವನ ಹೆಬ್ಬೆಟ್ಟನ್ನು ಬರಿಯ ಕಾಗದಕ್ಕೆ ಒತ್ತಿಸಿಕೊಂಡು ತರುವಾಯ ಸಾಲದ ಮೊತ್ತವನ್ನು ಬರೆದುಕೊಂಡ ಸಾಹುಕಾರನನ್ನೂ ನಮ್ಮ ಹಿರಿಯರು ಕಂಡಿದ್ದರು. ಈಗ ಮೋಸವು ಹೊಸ ವೇಷವನ್ನು ಧರಿಸಿದೆ. ಬ್ಯಾಂಕಿನವರೆಂದು ಹೇಳಿಕೊಂಡು ಫೋನಿನಲ್ಲಿ ಗುಪ್ತ ಸಂಖ್ಯೆಯನ್ನು ಕೇಳಿ, ಬಡ ವಿಧವೆಯ ಹಣವನ್ನು ನಿಮಿಷಮಾತ್ರದಲ್ಲಿ ಅಪಹರಿಸುವವರು ಇದ್ದಾರೆ. ವೇಷವು ಬೇರೆ, ಹೃದಯವು ಅದೇ.

ಹೀಗಿರಲು ಒಂದು ಪ್ರಶ್ನೆಯು ಏಳುತ್ತದೆ. ಮನುಷ್ಯರು ಸುಳ್ಳಿಗೆ ಒಳಗಾದವರಾಗಿದ್ದರೆ, ಮನುಷ್ಯರ ಕೈಯಿಂದಲೇ ಬರೆಯಲ್ಪಟ್ಟು, ಅವರಿಂದಲೇ ಪ್ರತಿಮಾಡಲ್ಪಟ್ಟು, ಭಾಷಾಂತರವಾಗಿ ನಮ್ಮ ಕೈಸೇರಿದ ದೇವರ ವಾಕ್ಯವನ್ನು ನಾವು ಹೇಗೆ ನಂಬೋಣ? ನೆರೆಯವನು ಇದನ್ನು ಕೇಳಿದರೆ ಕೋಪಗೊಳ್ಳುವದು ಉತ್ತರವಾಗದು. ಪ್ರಿಯ ವಾಚಕರೇ, ಶಾಂತಮನಸ್ಸಿನಿಂದ ಇದನ್ನು ವಿಚಾರಿಸೋಣ.

ಮೊದಲನೆಯದಾಗಿ, ಸತ್ಯವೇದವು ತನ್ನವರ ದೋಷವನ್ನು ಮುಚ್ಚಿಡುವದಿಲ್ಲವೆಂಬದನ್ನು ಗಮನಿಸಬೇಕು. ಯಾಕೋಬನು ಆಡುಮರಿಯ ಚರ್ಮವನ್ನು ಕೈಗೆ ಸುತ್ತಿಕೊಂಡು ಕಣ್ಣು ಮಬ್ಬಾದ ತಂದೆಯನ್ನು ವಂಚಿಸಿದನು. ತರುವಾಯ ಲಾಬಾನನು ರಾಹೇಲಳಿಗೆ ಬದಲಾಗಿ ಲೇಯಳನ್ನು ಕೊಟ್ಟು ಅವನನ್ನೇ ವಂಚಿಸಿದನು. ಮುಪ್ಪಿನಲ್ಲಿ ಅವನ ಸ್ವಂತ ಮಕ್ಕಳು ಯೋಸೇಫನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದು ತೋರಿಸಿದರು. ಆಡಿನಿಂದ ಮಾಡಿದ ಮೋಸವು ಆಡಿನಿಂದಲೇ ಅವನಿಗೆ ಹಿಂದಿರುಗಿತು. ಪೇತ್ರನು ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದದ್ದನ್ನು ನಾಲ್ಕು ಸುವಾರ್ತೆಗಳೂ ತಿಳಿಸುತ್ತವೆ. ತಮ್ಮ ಕುಲವನ್ನು ಹೊಗಳುವದಕ್ಕೋಸ್ಕರ ಕಥೆಯನ್ನು ಕಟ್ಟುವವರು ಪಿತೃಗಳ ವಂಚನೆಯನ್ನೂ ಅಪೊಸ್ತಲನ ಹೇಡಿತನವನ್ನೂ ಬರೆದಿಡುವರೋ? ತನ್ನ ಮನೆಯ ಕಸವನ್ನು ತಾನೇ ತೋರಿಸುವ ಸಾಕ್ಷಿಯ ಮಾತಿಗೆ ಪಂಚಾಯಿತಿಯಲ್ಲಿಯೂ ಬೆಲೆಯುಂಟು.

ಎರಡನೆಯದಾಗಿ, ಪ್ರತಿಮಾಡಿದವರ ನಿಷ್ಠೆಯನ್ನು ನೋಡೋಣ. 1947ರಲ್ಲಿ ಮೃತಸಮುದ್ರದ ಬಳಿ ಕುಮ್ರಾನಿನ ಒಂದು ಗುಹೆಯೊಳಗೆ ಕುರುಬರಿಗೆ ಹಳೆಯ ಸುರುಳಿಗಳು ದೊರೆತವು. ಅವುಗಳಲ್ಲಿ ಯೆಶಾಯನ ಗ್ರಂಥದ 66 ಅಧ್ಯಾಯಗಳನ್ನೂ ಒಳಗೊಂಡ, ಸುಮಾರು 7 ಮೀಟರಿಗಿಂತ ಉದ್ದವಾದ ಸುರುಳಿಯೊಂದಿತ್ತು. ಅದು ಅಲ್ಲಿಯ ವರೆಗೆ ತಿಳಿದಿದ್ದ ಇಬ್ರಿಯ ಪ್ರತಿಗಳಿಗಿಂತ ಸುಮಾರು ಸಾವಿರ ವರುಷ ಹಳೆಯದು. ಎರಡನ್ನೂ ಹೋಲಿಸಿ ನೋಡಿದ ಪಂಡಿತರು ಕಾಗುಣಿತದಲ್ಲಿಯೂ ಕೆಲವು ಪದಗಳಲ್ಲಿಯೂ ಭೇದಗಳನ್ನು ಕಂಡರು. ಆದರೆ ಪ್ರವಾದಿಯ ಸಂದೇಶವು ಅದೇ ಆಗಿತ್ತು.

ಆ ಸುರುಳಿಗಳ ಹೆಸರಿನಲ್ಲಿಯೇ ಮೋಸವೂ ನಡೆಯಿತು. ಅಮೇರಿಕದ ವಾಷಿಂಗ್ಟನ್ ಪಟ್ಟಣದಲ್ಲಿ 2017ರಲ್ಲಿ ತೆರೆಯಲ್ಪಟ್ಟ ಬೈಬಲ್ ಮ್ಯೂಸಿಯಮಿನಲ್ಲಿ ಇಂಥ ಸುರುಳಿಯ ತುಂಡುಗಳೆಂದು ಕೊಂಡ 16 ಚೂರುಗಳಿದ್ದವು. ಮ್ಯೂಸಿಯಮಿನವರೇ ಅವುಗಳನ್ನು ಪರೀಕ್ಷೆಗೆ ಒಪ್ಪಿಸಿದರು. ಚರ್ಮವೇನೋ ಹಳೆಯದು, ಆದರೆ ಮಸಿಯು ಅದರ ಬಿರುಕುಗಳೊಳಗೆ ಇಳಿದಿದ್ದರಿಂದ, ಚರ್ಮವು ಹಳೆಯದಾಗಿ ಬಿರಿದ ಬಳಿಕ ಬರೆದದ್ದೆಂದು ಗೊತ್ತಾಯಿತು. 16 ಚೂರುಗಳೂ ಕೃತ್ರಿಮವೆಂದು 2020ರಲ್ಲಿ ಪ್ರಕಟವಾಯಿತು. ಇದರಿಂದ ನಾವು ಕಲಿಯತಕ್ಕದ್ದೇನೆಂದರೆ, ಪವಿತ್ರವಾದದ್ದರ ಹೆಸರನ್ನು ಹೊತ್ತುಬಂದದ್ದೆಲ್ಲವೂ ಸತ್ಯವಲ್ಲ. ಅಕ್ಕಸಾಲಿಗನು ಒರೆಗಲ್ಲನ್ನು ತೆಗೆದರೆ ಚಿನ್ನವು ಹೆದರುವದಿಲ್ಲ, ಹಿತ್ತಾಳೆಯೇ ಹೆದರುವದು.

ಆದರೂ ಹಳೆಯದಾದ ಮಾತ್ರಕ್ಕೆ ಯಾವ ಮಾತೂ ಸತ್ಯವಾಗದು. ಹಳೆಯ ಸುಳ್ಳುಗಳೂ ಉಂಟು. ಸುರುಳಿಯು ಬರಹಗಾರರ ನಿಷ್ಠೆಯನ್ನು ತೋರಿಸುತ್ತದೆಯೇ ಹೊರತು, ವಾಗ್ದಾನಮಾಡಿದಾತನ ನಿಷ್ಠೆಯನ್ನು ನಮಗೋಸ್ಕರ ಅನುಭವಿಸಿ ಕೊಡಲಾರದು. ಆದಕಾರಣ ಮೂರನೆಯ ಮಾತನ್ನು ಹೇಳಬೇಕು.

ಗಿಬ್ಯೋನಿನವರು ಬೂಸಲು ಹಿಡಿದ ರೊಟ್ಟಿಯನ್ನೂ ಹರಿದ ಕೆರಗಳನ್ನೂ ತೋರಿಸಿ, ತಾವು ದೂರದೇಶದವರೆಂದು ನಂಬಿಸಿ, ಯೆಹೋಶುವನಿಂದ ಒಡಂಬಡಿಕೆಯನ್ನು ಪಡೆದುಕೊಂಡರು. ಮೂರು ದಿವಸಗಳಲ್ಲಿ ಕಪಟವು ಬೈಲಾಯಿತು. ಜನರು ಗುಣುಗುಟ್ಟಿದರು. ಮೋಸಗಾರನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೋ? ಉಳಿಸಿಕೊಳ್ಳಬೇಕೆಂದೇ ಪ್ರಧಾನರು ತೀರ್ಮಾನಿಸಿದರು, ಯಾಕಂದರೆ ಆಣೆಯು ದೇವರ ಹೆಸರಿನಲ್ಲಿ ಇಡಲ್ಪಟ್ಟಿತ್ತು. ಬಹುಕಾಲದ ಮೇಲೆ ಅರಸನಾದ ಸೌಲನು ಆ ಮಾತನ್ನು ಮುರಿದನು. ಅದರ ನಿಮಿತ್ತ ದಾವೀದನ ದಿನಗಳಲ್ಲಿ ಮೂರು ವರುಷ ಬರಗಾಲವುಂಟಾಯಿತೆಂದು ವೇದವು ತಿಳಿಸುತ್ತದೆ. ಮೋಸಗಾರನಿಗೆ ಕೊಟ್ಟ ಮಾತಿಗೂ ದೇವರು ಅಷ್ಟು ಬೆಲೆಯನ್ನು ಕಟ್ಟುತ್ತಾನೆ.

ತನ್ನ ಸ್ವಂತ ಮಾತಿಗೆ ಇನ್ನೆಷ್ಟು ಬೆಲೆಯನ್ನು ಕಟ್ಟುವನು! ತಂದೆಯನ್ನು ವಂಚಿಸಿ ಅಣ್ಣನಿಗೆ ಹೆದರಿ ಓಡುತ್ತಿದ್ದ ಯಾಕೋಬನು ಬೇತೇಲಿನಲ್ಲಿ ಕಲ್ಲನ್ನು ತಲೆದಿಂಬುಮಾಡಿ ಮಲಗಿದಾಗಲೇ, ಕೈಬಿಡೆನೆಂಬ ವಾಗ್ದಾನವು ಅವನಿಗೆ ದೊರೆಯಿತು. ಅವನು ಸತ್ಯವಂತನಾಗಿದ್ದದರಿಂದಲ್ಲ, ದೇವರು ಸತ್ಯವಂತನಾಗಿರುವದರಿಂದಲೇ ಆ ಮಾತು ನೆರವೇರಿತು. ನಮ್ಮ ನಂಬಿಕೆಯ ಬುಡವು ಇಲ್ಲಿದೆ. ಮನುಷ್ಯನ ಮೋಸವು ದೇವರ ನಂಬಿಗಸ್ತಿಕೆಯನ್ನು ಸುಳ್ಳುಮಾಡಲಾರದು. ಹಾಗಿಲ್ಲದಿದ್ದರೆ ನಮ್ಮಲ್ಲಿ ಯಾರಿಗೆ ನಿರೀಕ್ಷೆಯಿದ್ದೀತು?

ಆದರೆ ಈ ಕೃಪೆಯು ಮೋಸಕ್ಕೆ ಅಪ್ಪಣೆಯಲ್ಲ. ಯಾಕೋಬನು ಕುಂಟುತ್ತಲೇ ಊರಿಗೆ ಮರಳಿದನು, ಪೇತ್ರನು ಅತ್ತು ತಿರುಗಿಕೊಂಡನು. ಬಳ್ಳಾರಿಯಲ್ಲಿ ದುಡಿದ ಜಾನ್ ಹ್ಯಾಂಡ್ಸ್ ಮೊದಲಾದವರ ಪ್ರಯಾಸದಿಂದ 1831ರ ಹೊತ್ತಿಗೆ ಕನ್ನಡದಲ್ಲಿ ಸಂಪೂರ್ಣ ಸತ್ಯವೇದವುಂಟಾಯಿತು. ಇಂದು ಅದು ನಮ್ಮ ಮನೆಮನೆಗಳಲ್ಲಿದೆ. ನೆರೆಯವನೋ ಆ ಪುಸ್ತಕವನ್ನು ಬಿಚ್ಚುವ ಮುಂಚೆ ನಮ್ಮ ಸೇರನ್ನೂ ತಕ್ಕಡಿಯನ್ನೂ ಓದುತ್ತಾನೆ. ಹಾಲಿಗೆ ನೀರು ಬೆರೆಸಿದ ಕೈಯಲ್ಲಿ ವೇದಪುಸ್ತಕವನ್ನು ಕಂಡರೆ, ಅವನು ಹಾಲನ್ನು ಮಾತ್ರವಲ್ಲ, ಪುಸ್ತಕವನ್ನೂ ಸಂಶಯಿಸುವನು. ಸಭೆಯ ಲೆಕ್ಕದಲ್ಲಿ, ಕೂಲಿಯ ಕರಾರಿನಲ್ಲಿ, ಮಗಳ ಮದುವೆಯ ಮಾತುಕತೆಯಲ್ಲಿ ಆಣೆಯಿಲ್ಲದೆಯೇ ನಂಬತಕ್ಕ ಮಾತನ್ನು ಆಡೋಣ. ಆಡಿದ್ದರಿಂದ ನಷ್ಟವಾದರೂ ಹಿಂದೆಗೆಯದಿರೋಣ. ತನ್ನ ಮಾತಿಗೆ ತಪ್ಪದ ಕರ್ತನು ನಮ್ಮ ತುಟಿಗಳನ್ನೂ ಸತ್ಯದಲ್ಲಿ ಸ್ಥಿರಪಡಿಸಲಿ.