ಚಾಸಿಗೆ ಹಾಕಿದ ತೂತು

ಅಮೆರಿಕದಲ್ಲಿ ನಿವೃತ್ತರಾದ ಎಷ್ಟೋ ದಂಪತಿಗಳು ಚಕ್ರದ ಮೇಲಿನ ಮನೆಯೊಂದನ್ನು ಕೊಂಡು ಊರೂರು ಸುತ್ತುತ್ತಾರೆ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲ ಇರುವ ಆ ಟ್ರೇಲರ್ ಹಲವು ಟನ್ ತೂಗುತ್ತದೆ. ಪಿಕಪ್ಪಿನಿಂದ ಅದನ್ನು ಎಳೆಯುವುದು ಕಷ್ಟ ಎನ್ನಿಸಿದವರಲ್ಲಿ ಕೆಲವರು ಲಕ್ಷಾಂತರ ಕಿಲೋಮೀಟರ್ ಓಡಿ ದುಡಿಮೆ ಮುಗಿಸಿದ ಭಾರೀ ಟ್ರಕ್ಕನ್ನು ಕೊಳ್ಳುತ್ತಾರೆ. ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದನ್ನು ತೆಗೆಸಿ, ಚಾಸಿ ಕತ್ತರಿಸಿ, ಮೇಲೆ ಟ್ರೇಲರ್ ಸಿಕ್ಕಿಸುವ ಹೊಸ ಹಿಚ್ ಕೂರಿಸುತ್ತಾರೆ. ನಮ್ಮ ಹೆದ್ದಾರಿ ಬದಿಯ ಶೆಡ್ಡುಗಳಲ್ಲೂ ಲಾರಿಯ ಚಾಸಿಗೆ ಕೈ ಹಾಕುವುದುಂಟು. ಉದ್ದ ಮಾಡುವುದು, ಗಿಡ್ಡ ಮಾಡುವುದು, ಹೆಚ್ಚು ಲೋಡು ತಡೆಯಲಿ ಎಂದು ಪಟ್ಟಿ ಬೆಸೆಯುವುದು. ಅಲ್ಲಿ ತಿರುಗಾಟಕ್ಕೆ, ಇಲ್ಲಿ ಹೊಟ್ಟೆಪಾಡಿಗೆ. ಎರಡು ಕಡೆಯೂ ಒಬ್ಬನ ನಂಬಿಕೆಯ ಮೇಲೆ ಅವನಿಗೆ ಗೊತ್ತೇ ಇಲ್ಲದ ನೂರಾರು ಜನರ ಜೀವ ಓಡಾಡುತ್ತದೆ. ಹಾಗಾಗಿ ಇದು ನನಗೆ ಮೆಕ್ಯಾನಿಕ್ಕಿನ ಪ್ರಶ್ನೆಯಾಗಿ ಕಾಣುವಷ್ಟೇ ನೀತಿಯ ಪ್ರಶ್ನೆಯಾಗಿಯೂ ಕಾಣುತ್ತದೆ.

ಮೊದಲು ಉಕ್ಕಿನ ಮಾತು. ಚಾಸಿ ಎಂದರೆ ಗಾಡಿಯ ಉದ್ದಕ್ಕೂ ಸಾಗುವ ಎರಡು ಚಾನಲ್, ಅವುಗಳ ನಡುವೆ ಅಡ್ಡಪಟ್ಟಿಗಳು. ಚಾನಲ್ಲಿನ ನೆಟ್ಟಗೆ ನಿಂತ ಭಾಗ ವೆಬ್, ಮೇಲೂ ಕೆಳಗೂ ಮಡಿಚಿದ ಅಂಚು ಫ್ಲ್ಯಾಂಜ್. ಭಾರ ಬಿದ್ದು ಚಾನಲ್ ಬಾಗಿದಾಗ ಒಂದು ಅಂಚು ಎಳೆತಕ್ಕೆ ಸಿಗುತ್ತದೆ, ಇನ್ನೊಂದು ಒತ್ತಡಕ್ಕೆ. ನಡುಭಾಗಕ್ಕೆ ಅಷ್ಟು ಕಷ್ಟವಿಲ್ಲ. ಆದ್ದರಿಂದ ತೂತು ಹಾಕಲೇಬೇಕಾದರೆ ವೆಬ್ಬಿಗೆ ಹಾಕಬೇಕು, ಅಂಚಿಗೆ ಕೂಡದು. ಅಮೆರಿಕದ ಭಾರೀ ಟ್ರಕ್ಕುಗಳಲ್ಲಿ ಬಹಳಷ್ಟಕ್ಕೆ ಕಾಯಿಸಿ ತಣಿಸಿ ಹದ ಮಾಡಿದ ಉಕ್ಕು ಬಳಸುತ್ತಾರೆ. ಚದರ ಇಂಚಿಗೆ 1,10,000 ಪೌಂಡಿನಷ್ಟು ಎಳೆದರೂ ಅದು ಬಿಟ್ಟ ಮೇಲೆ ಮೊದಲಿನ ಅಳತೆಗೆ ಮರಳುತ್ತದೆ. ವೆಲ್ಡಿಂಗಿನ ಕಾವು ತಾಗಿದರೆ ಆ ಹದ ಕೆಡುತ್ತದೆ. ಬೆಸೆದ ಗೆರೆ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣಬಹುದು. ಬಿರುಕು ಹುಟ್ಟುವುದು ಅದರ ಮಗ್ಗುಲಲ್ಲಿ, ಕಾವು ತಿಂದ ಜಾಗದಲ್ಲಿ. ಇಂಥ ಚಾಸಿಗಳ ಮೇಲೆ ‘ವೆಲ್ಡ್ ಮಾಡಬೇಡಿ, ಫ್ಲ್ಯಾಂಜಿಗೆ ತೂತು ಹಾಕಬೇಡಿ’ ಎಂಬ ಎಚ್ಚರಿಕೆಯ ಚೀಟಿ ಅಂಟಿಸಿರುವುದು ಅದಕ್ಕೇ.

ತೂತಿನಲ್ಲೂ ತೂತು ಬೇರೆ. ಡ್ರಿಲ್ಲಿನಿಂದ ಕೊರೆದು ಅಂಚು ಸವರಿದ ತೂತಿನೊಳಗೆ ಬೆರಳಾಡಿಸಿದರೆ ನುಣ್ಣಗಿರುತ್ತದೆ. ಗ್ಯಾಸ್ ಕಟರಿನಿಂದ ಸುಟ್ಟು ತೆಗೆದ ತೂತಿನ ಗೋಡೆ ಗೀರುಗೀರಾಗಿ, ಕರಕಾಗಿ, ಹಲ್ಲುಹಲ್ಲಾಗಿ ಇರುತ್ತದೆ. ಆ ಒಂದೊಂದು ಹಲ್ಲೂ ಬಿರುಕಿಗೆ ಬಾಗಿಲು. ಬೋಲ್ಟು ಬಿಗಿದು ಬಣ್ಣ ಹೊಡೆದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಇನ್ನು ಹಿಚ್. ಫಿಫ್ತ್ ವ್ಹೀಲ್ ಎಂದು ಕರೆಯುವ ಗ್ರೀಸ್ ಬಳಿದ ಆ ದಪ್ಪ ತಟ್ಟೆ, ಅದರ ಬಾಯಿಗೆ ಬಂದು ಕೂರುವ ಎರಡು ಇಂಚಿನ ಕಿಂಗ್‌ಪಿನ್: ಇಡೀ ಟ್ರೇಲರಿನ ಎಳೆತ ಇಲ್ಲಿದೆ. ತಟ್ಟೆಯನ್ನು ಹಿಂದಿನ ಆಕ್ಸಲಿಗಿಂತ ತುಸು ಮುಂದೆ ಕೂರಿಸಬೇಕು. ಹಿಂದಕ್ಕೆ ಸರಿದಷ್ಟೂ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ.

ಸರಿಯಾದ ದಾರಿ ಇಲ್ಲವೆಂದಲ್ಲ. ಬಲ್ಲವರು ಆಕ್ಸಲುಗಳ ನಡುವಿನ ಚಾನಲ್ಲನ್ನು ಕತ್ತರಿಸಿ ಬೆಸೆಯುವ ಗೋಜಿಗೆ ಹೋಗುವುದಿಲ್ಲ. ಹಿಂದಿನ ಆಕ್ಸಲನ್ನು ಬಿಚ್ಚಿ ಚಾಸಿಯ ಮೇಲೆಯೇ ಮುಂದಕ್ಕೆ ಸರಿಸಿ, ಬೋಲ್ಟಿನಲ್ಲಿ ಬಿಗಿದು, ಉಳಿದ ಬಾಲವನ್ನು ಮಾತ್ರ ಕತ್ತರಿಸುತ್ತಾರೆ. ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸುತ್ತಾರೆ, ಬ್ರೇಕಿನ ಗಾಳಿ ಪೈಪುಗಳನ್ನು ಹೊಸದಾಗಿ ಎಳೆಯುತ್ತಾರೆ. ಇದಕ್ಕೆ ಹೊತ್ತೂ ಹಿಡಿಯುತ್ತದೆ, ದುಡ್ಡೂ ಹಿಡಿಯುತ್ತದೆ.

ಅವಸರದ ಶೆಡ್ಡಿನಲ್ಲಿ ಇದನ್ನು ಹೇಳಿದರೆ ಬರುವ ಉತ್ತರ ಒಂದೇ: “ಇಂಥ ಎಷ್ಟೋ ಗಾಡಿ ಮಾಡಿದೀನಿ ಸಾರ್, ಒಂದೂ ವಾಪಸ್ ಬಂದಿಲ್ಲ.” ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಕೈಕಸುಬಿನಲ್ಲಿ ಅವನನ್ನು ಮೀರಿಸುವವರು ಕಡಿಮೆ, ಅನುಭವವನ್ನು ನಂಬುವುದೂ ತಪ್ಪಲ್ಲ. ಆದರೆ ಇನ್ನೂರು ಮೈಲಿ ಆಚೆ ಚಾಸಿ ಸೀಳಿದ ಲಾರಿ ಅವನ ಶೆಡ್ಡಿಗೆ ಮರಳಿ ಬರುವುದಿಲ್ಲ, ಹತ್ತಿರದ ಇನ್ನೊಂದು ಶೆಡ್ಡಿಗೆ ಹೋಗುತ್ತದೆ. ಬಾರದೆ ಇದ್ದುದನ್ನು ಅವನು ಕೆಡದೆ ಇದ್ದುದು ಎಂದು ಎಣಿಸಿಕೊಂಡಿದ್ದಾನೆ.

ಲೋಹ ಸೋಲುವ ರೀತಿಯೂ ಅವನ ಅನುಭವಕ್ಕೆ ಮೋಸ ಮಾಡುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ ಆಕ್ಸಲ್ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಓಡುತ್ತಲೇ ಇದ್ದ ಆಕ್ಸಲ್ ಒಂದು ದಿನ ಏಕೆ ಮುರಿಯುತ್ತದೆ? ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಆಕ್ಸಲುಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದ. ಒಂದೇ ಸಲಕ್ಕಾದರೆ ಸಲೀಸಾಗಿ ಹೊರುವ ಭಾರವನ್ನು ಲಕ್ಷಾಂತರ ಸಲ ಹೊರಿಸಿದರೆ ಉಕ್ಕು ದಣಿದು ಮುರಿಯುತ್ತದೆ ಎಂಬುದು ಅವನ ಪ್ರಯೋಗಗಳಿಂದ ಖಚಿತವಾಯಿತು. ಹೊಂಡಕ್ಕೊಂದು ಕುಲುಕು, ಬ್ರೇಕಿಗೊಂದು ಎಳೆತ; ಒಳಗೆ ಕೂದಲೆಳೆಯ ಬಿರುಕು ಬೆಳೆಯುತ್ತಿರುತ್ತದೆ. ನಿನ್ನೆ ಮುರಿಯಲಿಲ್ಲ ಎಂಬುದು ನಾಳೆಗೆ ಭರವಸೆಯಲ್ಲ. ನಿನ್ನೆಯ ಓಟವೂ ಬಿರುಕಿನ ಲೆಕ್ಕಕ್ಕೆ ಜಮಾ ಆಗಿರುತ್ತದೆ.

ನಾನು ವಿಚಾರವಾದಿ ಎಂದ ಕೂಡಲೇ ಆಯುಧಪೂಜೆಯ ದಿನ ಚಕ್ರಕ್ಕಿಡುವ ನಿಂಬೆಹಣ್ಣನ್ನು ಬೈಯಬೇಕೆಂದು ಜನ ಕಾಯುತ್ತಾರೆ. ಅನ್ನ ಕೊಡುವ ಯಂತ್ರಕ್ಕೆ ಕುಂಕುಮ ಇಟ್ಟವನ ಕೃತಜ್ಞತೆಯ ಮೇಲೆ ನನ್ನ ಜಗಳವಿಲ್ಲ. ಪೂಜೆ ಮಾಡಿದ್ದಾಯಿತಲ್ಲ ಎಂದು ಬೋಲ್ಟು ನೋಡದೆ ಹೊರಟರೆ ಜಗಳವಿದೆ. ಅದಕ್ಕಿಂತ ದೊಡ್ಡ ಮೂಢನಂಬಿಕೆ ‘ಇಷ್ಟು ದಿನ ಏನೂ ಆಗಿಲ್ಲ’ ಎಂಬುದು. ಅನುಭವದ ವೇಷದಲ್ಲಿ ಬರುವುದರಿಂದ ಓದಿದವರೂ ಅದಕ್ಕೆ ತಲೆದೂಗುತ್ತಾರೆ.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಅದರ ಮೊದಲಲ್ಲೇ ಒಬ್ಬ ಹಡಗಿನ ಯಜಮಾನ ಬರುತ್ತಾನೆ. ಹಡಗು ಹಳೆಯದು, ಆಗಾಗ ರಿಪೇರಿಗೆ ಬಂದದ್ದು. ವಲಸೆ ಹೊರಟ ಸಂಸಾರಗಳನ್ನು ಹತ್ತಿಸಿಕೊಳ್ಳುವ ಮೊದಲು ಅವನ ಮನಸ್ಸಿನಲ್ಲಿ ಅನುಮಾನ ಏಳುತ್ತದೆ. ಇಷ್ಟೊಂದು ಯಾನ ಮುಗಿಸಿ ಬಂದಿದೆ, ಇದನ್ನೂ ಮುಗಿಸೀತು, ದೇವರಿದ್ದಾನೆ ಎಂದು ಸಮಾಧಾನ ಮಾಡಿಕೊಂಡು ಮನಃಪೂರ್ವಕ ನಂಬಿಯೇ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ಅವನಿಗೆ ವಿಮೆಯ ಹಣ ಬರುತ್ತದೆ. ಪ್ರಾಮಾಣಿಕವಾಗಿ ನಂಬಿದ್ದರೂ ಅವನು ಅಪರಾಧಿ, ಯಾಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಮುಳುಗದೆ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ ಎಂದೂ ಸೇರಿಸುತ್ತಾನೆ. ಈ ಎರಡನೆಯ ಮಾತನ್ನು ಒಪ್ಪುವುದು ಕಷ್ಟ. ಆದರೂ ಯೋಚಿಸಿದಷ್ಟೂ ನನಗೆ ಅದೇ ಸರಿ ಎನ್ನಿಸುತ್ತದೆ. ಶಿರಾಡಿ ಘಾಟಿ ಇಳಿಯುವ ಲಾರಿಯ ಪಕ್ಕದಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡು ಬೈಕಿನಲ್ಲಿ ಹೋಗುವವನನ್ನು ಯಾರೂ ಒಂದು ಮಾತು ಕೇಳಿಲ್ಲ. ಅವನು ಮನೆ ಸೇರಿದನೆಂಬ ಕಾರಣಕ್ಕೆ ಅವನನ್ನು ಪಣಕ್ಕಿಟ್ಟದ್ದು ಸರಿಯಾಗಿಬಿಡುವುದಿಲ್ಲ.

ಕ್ಲಿಫರ್ಡ್ ಬರೆದ ಕಾಲದಲ್ಲಿ ಬ್ರಿಟನ್ನಿನಲ್ಲಿ ಹಡಗುಗಳ ಸುರಕ್ಷತೆ ಬಿಸಿಬಿಸಿ ವಿಷಯ. ಅತಿಭಾರದ ಹಡಗುಗಳ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್‌ನಿಂದಾಗಿ 1876ರಲ್ಲಿ ಹಡಗಿನ ಮೈಮೇಲೆ, ನೀರು ಇದನ್ನು ದಾಟುವಷ್ಟು ಸರಕು ಹೇರಬಾರದು ಎಂಬ ಭಾರದ ಗೆರೆ ಎಳೆಯುವುದು ಕಡ್ಡಾಯವಾಯಿತು. ಆದರೆ ಗೆರೆ ಎಲ್ಲಿರಬೇಕೆಂಬುದನ್ನು ಯಜಮಾನನಿಗೇ ಬಿಟ್ಟಿದ್ದರು! ಅದು ಕಾನೂನಿನ ಕೈಗೆ ಬಂದದ್ದು 1890ರಲ್ಲಿ. ಲಾಭ ಯಾರಿಗೋ ಅವರ ಕೈಗೇ ಅಳತೆಗೋಲು ಕೊಟ್ಟರೆ ಗೆರೆ ಮೇಲಕ್ಕೇ ಹೋಗುತ್ತದೆ.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈ ಅಳತೆಗೋಲನ್ನು ಮಾಲೀಕನ ಕೈಯಿಂದ ತೆಗೆದಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಅದೇ ವರ್ಷದ ತಿದ್ದುಪಡಿ ಇಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಇದು ಬೇಕು. ಆದರೆ ಸಾಲದ ಕಂತಿಗೆ ತತ್ತರಿಸುವ ಒಂದೇ ಲಾರಿಯ ಮಾಲೀಕ ಎಫ್‌ಸಿ, ಅಂದರೆ ವಾಹನದ ಯೋಗ್ಯತಾ ಪತ್ರ, ಮಾಡಿಸುವ ದಿನಕ್ಕಷ್ಟೇ ಹೆದರುವಂತಾದರೆ ಬಿರುಕು ಬಣ್ಣದ ಕೆಳಗೆ ಹಾಗೇ ಇರುತ್ತದೆ.

ನನಗೆ ಹೆಚ್ಚು ಭರವಸೆ ಇರುವುದು ಶೆಡ್ಡಿನ ಕಲಿಕೆಯಲ್ಲಿ. ಬಿರುಕು ಪತ್ತೆಗೆ ಒಂದು ಸರಳ ಪರೀಕ್ಷೆಯಿದೆ. ಬಣ್ಣ ಕೆರೆದು, ಎಣ್ಣೆಜಿಡ್ಡು ಒರೆಸಿ, ಕೆಂಪು ದ್ರವ ಸಿಂಪಡಿಸಿ ಸ್ವಲ್ಪ ಹೊತ್ತು ಬಿಡಬೇಕು. ಮೇಲಿನದನ್ನು ಒರೆಸಿ ಬಿಳಿ ಪುಡಿಯ ಸ್ಪ್ರೇ ಹೊಡೆದರೆ, ಬಿರುಕಿನೊಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಎಳೆಯಾಗಿ ಜಿನುಗುತ್ತದೆ. ಮೇಲ್ಮೈಗೆ ತೆರೆದುಕೊಂಡ ಬಿರುಕನ್ನು ಮೇಸ್ತ್ರಿಯೂ ಡ್ರೈವರನೂ ಮಾಲೀಕನೂ ಒಟ್ಟಿಗೆ ನಿಂತು ನೋಡಬಹುದು. ಯಾರ ಮಾತನ್ನು ಯಾರೂ ನಂಬಬೇಕಿಲ್ಲ. ಐಟಿಐಗಳಲ್ಲಿ, ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಇದನ್ನು ಕನ್ನಡದಲ್ಲಿ ಕಲಿಸಬೇಕು. ಲಾರಿ ಕಂಪನಿಗಳು ಬಾಡಿ ಕಟ್ಟುವವರಿಗೆಂದು ಮಾಡುವ ಕೈಪಿಡಿಗಳು, ಯಾವ ಜಾಗಕ್ಕೆ ಡ್ರಿಲ್ ತಾಗಿಸಬಾರದು ಎಂಬ ಚಿತ್ರ ಸಮೇತ, ಮೇಸ್ತ್ರಿ ಓದುವ ಭಾಷೆಯಲ್ಲಿ ಶೆಡ್ಡಿನ ಗೋಡೆಗೆ ಬರಬೇಕು. ಕತ್ತರಿಸಿದ್ದು ಎಲ್ಲಿ, ಹಾಕಿದ ಬೋಲ್ಟು ಯಾವ ದರ್ಜೆಯದು, ಪರೀಕ್ಷೆ ಯಾವಾಗ ಆಯಿತು ಎಂಬುದು ಕೆಲಸ ಮಾಡಿದವನ ಸಹಿಯೊಡನೆ ಆರ್‌ಸಿ ಪುಸ್ತಕದ ಜೊತೆಗೇ ಇರಬೇಕು. ಮೂರನೆಯ ಕೈಗೆ ಮಾರಾಟವಾದ ಗಾಡಿಯನ್ನು ಹತ್ತುವ ಡ್ರೈವರ್ ಕೀಲಿ ತಿರುಗಿಸುವ ಮೊದಲೇ ಅದನ್ನು ಕೇಳಿ ಓದುವ ಹಕ್ಕು ಪಡೆಯಬೇಕು; ತೋರಿಸದಿದ್ದರೆ ಕೆಲಸ ಕಳೆದುಕೊಳ್ಳದೆ ‘ಈ ಗಾಡಿ ಓಡಿಸಲ್ಲ’ ಎನ್ನುವ ಹಕ್ಕನ್ನೂ.