ಮಕ್ಕಳ ಅಹವಾಲಿಗೆ ಉತ್ತರ ಎಲ್ಲಿ?

2022ರ ಆಗಸ್ಟಿನ ಮಳೆಯಲ್ಲಿ ಉಡುಪಿ ಜಿಲ್ಲೆ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟು ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ದೊಡ್ಡವರ ಗಮನ ಕಾಲುಸಂಕಗಳ ಕಡೆ ಹರಿದದ್ದು ಆಮೇಲೆ. ಯಾವ ಸಂಕ ಅಲುಗಾಡುತ್ತದೆ, ಯಾವ ತೋಡು ಎಷ್ಟು ಮಳೆಗೆ ಉಕ್ಕುತ್ತದೆ ಎಂಬುದು ದಿನವೂ ದಾಟುವ ಮಕ್ಕಳಿಗೆ ಇಂಜಿನಿಯರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳುವವರು ಬೇಕು, ಅಷ್ಟೆ.

ಹಾಗೆ ಕೇಳುವ ಪದ್ಧತಿಗೆ ನಾಂದಿ ಹಾಡಿದ ಸೀಮೆಗಳಲ್ಲಿ ಇದೂ ಒಂದು ಎನ್ನುವುದು ವಿಚಿತ್ರ. 1990ರ ದಶಕದ ನಡುವಿನಲ್ಲಿ, ಉಡುಪಿ ಇನ್ನೂ ಬೇರೆ ಜಿಲ್ಲೆಯಾಗುವ ಮೊದಲೇ, ಕುಂದಾಪುರ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಮಕ್ಕಳ ಪಂಚಾಯತ್‌ಗಳು ಹುಟ್ಟಿದವು. ದುಡಿಯುವ ಮಕ್ಕಳ ‘ಭೀಮ ಸಂಘ’ ಮತ್ತು ಅದರ ಬೆನ್ನಿಗೆ ನಿಂತ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಇದರ ಹಿಂದಿದ್ದವು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿ, ಊರಿನ ಕುಂದುಕೊರತೆಗಳನ್ನು ದೊಡ್ಡವರ ಪಂಚಾಯತ್ ಮುಂದೆ ಇಡುತ್ತಿದ್ದರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯತ್‌ಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಕಾನೂನು ಮೇಲಿನಿಂದ ಇಳಿಯುವುದೇ ಹೆಚ್ಚು. ಇಲ್ಲಿ ಅದು ಕುಂದಾಪುರದ ಹಳ್ಳಿಗಳಿಂದ ವಿಧಾನಸೌಧಕ್ಕೆ ಏರಿತು.

ಇದು ಸರ್ಕಾರ ತೋರಿದ ಔದಾರ್ಯವೇನಲ್ಲ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್ 11ರಂದು ಒಪ್ಪಿಗೆ ಕೊಟ್ಟಿದೆ. ತನಗೆ ಸಂಬಂಧಿಸಿದ ಯಾವುದೇ ವಿಷಯದಲ್ಲಿ ಮಗು ಅಭಿಪ್ರಾಯ ಹೇಳಬಹುದು, ಅದರ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಆ ಮಾತಿಗೆ ಬೆಲೆ ಸಿಗಬೇಕು ಎನ್ನುತ್ತದೆ ಅದರ 12ನೇ ವಿಧಿ. ಮುಂದಿನ ವಿಧಿಗಳಲ್ಲಿ ಅಭಿವ್ಯಕ್ತಿ, ಆತ್ಮಸಾಕ್ಷಿ, ಸಂಘಟನೆ, ಖಾಸಗಿತನ ಎಲ್ಲವೂ ಇವೆ. ಅನ್ನ, ಅಕ್ಷರ, ಲಸಿಕೆ ಕೊಟ್ಟರೆ ಮಕ್ಕಳ ಹಕ್ಕು ಮುಗಿಯಿತು ಎಂದುಕೊಂಡಿರುವ ನಮಗೆ ಈ ಪಟ್ಟಿ ತುಸು ಮುಜುಗರ ತರುವಂಥದು.

ಆ ಮುಜುಗರವನ್ನು ಉಡುಪಿ 2022ರಲ್ಲಿ ಕಂಡಿದೆ. ಸರ್ಕಾರಿ ಪದವಿಪೂರ್ವ ಕಾಲೇಜಿನ ಹಿಜಾಬ್ ವಿವಾದದಲ್ಲಿ ಹೈಕೋರ್ಟು ಮಾರ್ಚ್ 15ರಂದು ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಯಾರ ವಾದ ಸರಿ ಎಂಬುದರ ಬಗ್ಗೆ ಓದುಗರಲ್ಲೇ ಎರಡು ಮತ ಇರಬಹುದು. ಆದರೆ ಹಿಜಾಬ್ ಧರಿಸಲು ಅವಕಾಶ ಕೇಳಿದ್ದ, ಇನ್ನೂ 18 ತುಂಬದವರೂ ಇದ್ದ ಹುಡುಗಿಯರ ವಿಳಾಸ, ಫೋನ್ ನಂಬರುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ಹೆತ್ತವರು ಪೊಲೀಸರ ಬಳಿ ಹೋಗಬೇಕಾಯಿತಲ್ಲ, ಅದನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು. ಖಾಸಗಿತನದ 16ನೇ ವಿಧಿ ಇರುವುದು ಇಂಥದ್ದಕ್ಕೇ.

ಮತ್ತೆ ಗ್ರಾಮಸಭೆಗೆ ಬರೋಣ. ಹಲವೆಡೆ ಅದರ ರೂಪ ಗೊತ್ತಿರುವಂಥದೇ: ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ಗಣ್ಯರ ಹಿತವಚನ. ಕೊನೆಗೆ ಉಳಿದ ಹತ್ತು ನಿಮಿಷದಲ್ಲಿ ಮಕ್ಕಳ ಸರದಿ. ಟೀಚರ್ ಬರೆಸಿಕೊಟ್ಟ ಚೀಟಿಯಿಂದ ಒಂದು ಪ್ರಶ್ನೆ. ಶೌಚಾಲಯದ ಚಿಲಕ, ಬೀದಿನಾಯಿ, ಬಾರದ ಬಸ್ಸು, ಕಾಲುಸಂಕ. ‘ಪರಿಶೀಲಿಸುತ್ತೇವೆ’ ಎಂದು ಪಿಡಿಒ ಬರೆದುಕೊಳ್ಳುತ್ತಾರೆ. ಮರುವರ್ಷ ಅದೇ ಪ್ರಶ್ನೆ, ಬೇರೆ ಮಗು.

ನಗರದ ಮಕ್ಕಳಿಗೆ ಇಷ್ಟೂ ಇಲ್ಲ. ಆ ಸುತ್ತೋಲೆ ಗ್ರಾಮ ಪಂಚಾಯತ್‌ಗಳಿಗೆ ಸೀಮಿತ. ಉಡುಪಿ ನಗರಸಭೆಯೊಳಗಿರುವ ಮಣಿಪಾಲದ ಕಟ್ಟಡ ಕಾರ್ಮಿಕರ ಮಕ್ಕಳಾಗಲಿ, ಪುರಸಭೆ ಇರುವ ಕಾಪು, ಕಾರ್ಕಳ ಪೇಟೆಯ ಮಕ್ಕಳಾಗಲಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾರ್ಕಳ ತಾಲ್ಲೂಕಿನ ಹಳ್ಳಿಯ ಹುಡುಗಿಗೆ ಇರುವ ವೇದಿಕೆ ಪೇಟೆಗೆ ಬಂದು ನೆಲೆಸಿದ ಕೂಡಲೇ ಇಲ್ಲವಾಗುವುದು ಯಾವ ನ್ಯಾಯ? ವಾರ್ಡಿಗೊಂದು ಮಕ್ಕಳ ಸಭೆ ನಡೆಸಲು ನಗರಸಭೆ, ಪುರಸಭೆಗಳು ಮನಸ್ಸು ಮಾಡಿದರೆ ಸಾಕು, ಖರ್ಚು ಹೆಚ್ಚೇನೂ ಇಲ್ಲ.

ಮಕ್ಕಳ ಸಭೆಗಳು ಸಾಮಾನ್ಯವಾಗಿ ನವೆಂಬರಿನಿಂದ ನಡೆಯುತ್ತವೆ. ಈ ಬಾರಿ ನಿಮ್ಮ ಪಂಚಾಯತಿನ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಕಳೆದ ವರ್ಷ ಮಕ್ಕಳು ಕೇಳಿದ್ದೇನು, ಅದರಲ್ಲಿ ಆದದ್ದೆಷ್ಟು ಎಂಬ ಪಟ್ಟಿಯನ್ನು ಭಾಷಣಕ್ಕಿಂತ ಮೊದಲು ಓದಿಸಿ.